ನೂರು ಗುಂಡಿನ ಡಬ್ಬಿ ಯಾರಿಗೆ ಬೇಕು?

ಮ್ಯಾಗಜೀನು ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು ವಾರಕ್ಕೋ ತಿಂಗಳಿಗೋ ಒಮ್ಮೆ ಬರುವ ಪತ್ರಿಕೆ. ಬಂದೂಕಿನವರ ಮಾತಿನಲ್ಲಿ ಅದಕ್ಕೆ ಬೇರೆ ಅರ್ಥವುಂಟು. ರೈಫಲಿನ ಕೆಳಗೆ ಸಿಕ್ಕಿಸುವ ಗುಂಡಿನ ಡಬ್ಬಿಗೆ ಅವರು ಮ್ಯಾಗಜೀನು ಎನ್ನುತ್ತಾರೆ. ಅಮೆರಿಕಾದಲ್ಲಿ ಸಾಮಾನ್ಯ ಪ್ರಜೆಯೂ ಅಂಗಡಿಯಿಂದ ಕೊಂಡು ತರಬಹುದಾದ ಎ.ಆರ್.-15 ಮಾದರಿಯ ರೈಫಲಿಗೆ ರೂಢಿಯ ಡಬ್ಬಿ 30 ಗುಂಡಿನದು. ಅದೂ ಸಾಲದೆಂಬವರಿಗಾಗಿ ದುಂಡನೆಯ ಡ್ರಮ್ಮುಗಳು ಬಂದಿವೆ. ಒಂದರಲ್ಲಿ 60 ಗುಂಡು. ಎರಡು ಡ್ರಮ್ಮುಗಳನ್ನು ಜೋಡಿಸಿದ್ದರಲ್ಲಿ 100 ಗುಂಡು. ಒಳಗೆ ಸುತ್ತಿದ ಸ್ಪ್ರಿಂಗು ಗುಂಡುಗಳನ್ನು ಒಂದರ ಹಿಂದೊಂದರಂತೆ ಮೇಲಕ್ಕೆ ನೂಕುತ್ತಿರುತ್ತದೆ. ಕೋವಿ ಹಿಡಿದವನು ಕುದುರೆಯನ್ನು ಎಳೆಯುತ್ತಿದ್ದರೆ ಸಾಕು.

ಈ ಡ್ರಮ್ಮುಗಳ ಆಯ್ಕೆಯ ವಿಚಾರದಲ್ಲಿ ಅಲ್ಲಿ ಚರ್ಚೆಗೆ ಕೊನೆಯೇ ಇಲ್ಲ. ಲೋಹದ್ದು ಒಳ್ಳೆಯದೋ ಪ್ಲಾಸ್ಟಿಕ್ಕಿನದು ಒಳ್ಳೆಯದೋ, ಯಾವುದು ನಡುವೆ ಕಚ್ಚಿಕೊಳ್ಳದೆ ನಡೆಯುತ್ತದೆ, ಯಾವುದನ್ನು ತುಂಬುವುದು ಸುಲಭ - ನಮ್ಮ ರೈತರು ಪಂಪ್‌ಸೆಟ್ಟು ಆರಿಸುವಾಗ ಕೇಳುವಂತೆಯೇ ಕೇಳುತ್ತಾರೆ. ಪಂಪ್‌ಸೆಟ್ಟು ಕೊಳ್ಳುವವನಿಗೆ ಗದ್ದೆಯಿದೆ, ಬಾವಿಯಿದೆ. ನೂರು ಗುಂಡಿನ ಡ್ರಮ್ಮಿಗೆ ಏನು ಕೆಲಸವಿದೆ? ಯಾವುದನ್ನು ಕೊಳ್ಳಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೆಂದು ನಾವು ಭಾವಿಸುತ್ತೇವೆ.

ಸೈನಿಕನಿಗೆ ಬೇಕೆಂದು ಹೇಳೋಣವೆಂದರೆ ಚರಿತ್ರೆ ಒಪ್ಪುವುದಿಲ್ಲ. 1921ರಲ್ಲಿ ಥಾಮ್ಸನ್ ಎಂಬ ಹೆಸರಿನ ಸಣ್ಣ ಮೆಷಿನ್‌ಗನ್ನು ಮಾರುಕಟ್ಟೆಗೆ ಬಂದಾಗ ಅದರ ಜೊತೆಗೆ 50 ಮತ್ತು 100 ಗುಂಡಿನ ಡ್ರಮ್ಮುಗಳೂ ಬಂದವು. ಎರಡನೆಯ ಮಹಾಯುದ್ಧದ ಅನುಭವವಾದ ಮೇಲೆ ಅಮೆರಿಕಾದ ಸೇನೆ ಆ ಡ್ರಮ್ಮನ್ನು ಕೈಬಿಟ್ಟಿತು. ಅದು ಭಾರ, ನಡೆಯುವಾಗ ಗಲಗಲ ಸದ್ದು, ತುಂಬುವುದಕ್ಕೂ ತಡ. ಯುದ್ಧಕಾಲದಲ್ಲೇ ಬಂದ ಎಂ1ಎ1 ಮಾದರಿಗೆ ಡ್ರಮ್ಮು ಸಿಕ್ಕಿಸುವ ಏರ್ಪಾಟೇ ಇರಲಿಲ್ಲ. ರಷ್ಯದವರ ಪ್ರಸಿದ್ಧ ಪಿಪಿಎಸ್‌ಎಚ್-41 ಕೋವಿಗೂ ಮೊದಲು 71 ಗುಂಡಿನ ಡ್ರಮ್ಮಿತ್ತು. ಆಮೇಲೆ 35 ಗುಂಡಿನ ಉದ್ದ ಡಬ್ಬಿಯನ್ನು ಮಾಡಿಕೊಟ್ಟರು. ಮೆಷಿನ್‌ಗನ್ ಹಿಡಿದು ಕೂತವನ ಮಾತು ಬೇರೆ. ರೈಫಲು ಹೊತ್ತು ನಡೆಯುವ ಅಮೆರಿಕಾದ ಕಾಲಾಳಿಗೆ ಇಂದಿಗೂ ರೂಢಿಯಾಗಿ ಕೊಡುವುದು 30ರ ಡಬ್ಬಿಯೇ. ಯುದ್ಧವೇ ಕಸುಬಾದವನಿಗೆ ಸಾಲುವ ಡಬ್ಬಿ ಪೇಟೆಯ ಮನುಷ್ಯನಿಗೆ ಸಾಲದೆ?

ಬೇಟೆಗಾರನಿಗೆ ಬೇಕೆನ್ನೋಣವೇ? ವಲಸೆ ಬರುವ ಬಾತುಕೋಳಿಗಳನ್ನು ಹೊಡೆಯುವ ಕೋವಿಯಲ್ಲಿ ಒಟ್ಟಿಗೆ ಮೂರಕ್ಕಿಂತ ಹೆಚ್ಚು ತೋಟೆ ಇರಕೂಡದೆಂದು ಅದೇ ಅಮೆರಿಕಾದ ಕಾನೂನು ಹೇಳುತ್ತದೆ. 1930ರ ದಶಕದಿಂದ ಈ ನಿಯಮವಿದೆ. ಹೆಚ್ಚು ಹಿಡಿಯುವ ಕೋವಿಯಾದರೆ ಒಳಗೆ ಬೆಣೆ ಬಡಿದು ಮೂರಕ್ಕೆ ಇಳಿಸಿಕೊಳ್ಳಬೇಕು. ಹಕ್ಕಿಯ ಸಂತತಿ ಉಳಿಯಲಿ ಎಂಬ ವಿವೇಕ ಅದು, ನಾವು ಮೆಚ್ಚುತ್ತೇವೆ. ಹಕ್ಕಿಗೆ ಸಿಕ್ಕ ಈ ರಕ್ಷಣೆ ಇಡೀ ದೇಶದ ಮನುಷ್ಯರಿಗೆ ಇನ್ನೂ ಸಿಕ್ಕಿಲ್ಲವೆಂಬುದೇ ನಮ್ಮ ದುಃಖ.

ಹಾಗಾದರೆ ಡ್ರಮ್ಮು ಯಾರಿಗೆ ಕೆಲಸಕ್ಕೆ ಬಂತು? 2012ರ ಜುಲೈ 20ರಂದು ಕೊಲರಾಡೋ ಸಂಸ್ಥಾನದ ಅರೋರಾ ಊರಿನ ಸಿನಿಮಾ ಮಂದಿರಕ್ಕೆ ಒಬ್ಬ ನುಗ್ಗಿದ. ಅವನ ರೈಫಲಿನಲ್ಲಿ 100 ಗುಂಡಿನ ಡ್ರಮ್ಮಿತ್ತು. 12 ಮಂದಿ ಸತ್ತರು, 70 ಮಂದಿ ಗಾಯಗೊಂಡರು. ನಡುವೆ ಆ ಡ್ರಮ್ಮು ಕಚ್ಚಿಕೊಂಡು ನಿಂತಿತು. ನಿಲ್ಲದಿದ್ದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ! ಅಂಗಡಿಯವನು ಯಾವುದನ್ನು ದೋಷವೆನ್ನುತ್ತಾನೋ ಅದೇ ಅಂದು ಜನರ ಪ್ರಾಣ ಉಳಿಸಿತು. 2019ರ ಆಗಸ್ಟ್ 4ರಂದು ಒಹಾಯೋ ಸಂಸ್ಥಾನದ ಡೇಟನ್ ಊರಿನಲ್ಲಿ ಪೊಲೀಸರು ಹತ್ತಿರದಲ್ಲೇ ಇದ್ದರು. ಮೊದಲ ಗುಂಡು ಹಾರಿ ಸುಮಾರು ಅರ್ಧ ನಿಮಿಷದೊಳಗೆ ಕೊಲೆಗಾರನನ್ನು ಹೊಡೆದುರುಳಿಸಿದರು. ಇದಕ್ಕಿಂತ ಚುರುಕಾದ ಪೊಲೀಸರನ್ನು ಯಾವ ಊರು ತಾನೆ ಕೇಳೀತು? ಆದರೂ ಆ ಅರ್ಧ ನಿಮಿಷದಲ್ಲಿ 40ಕ್ಕೂ ಹೆಚ್ಚು ಗುಂಡು ಹಾರಿದ್ದವು; 9 ಜನ ಸತ್ತಿದ್ದರು. ಅಲ್ಲಿಯೂ ಇದ್ದದ್ದು 100 ಗುಂಡಿನ ಜೋಡಿ ಡ್ರಮ್ಮು.

ಇದರ ಪಕ್ಕದಲ್ಲಿ ಇನ್ನೊಂದು ಘಟನೆಯನ್ನು ಇಟ್ಟು ನೋಡಬೇಕು. 2011ರ ಜನವರಿ 8ರಂದು ಅರಿಜೋನಾದ ಟೂಸಾನಿನಲ್ಲಿ ಕಾಂಗ್ರೆಸ್ ಸದಸ್ಯೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಮತದಾರರೊಡನೆ ಮಾತನಾಡುತ್ತಿದ್ದಾಗ ಒಬ್ಬ ಪಿಸ್ತೂಲಿನಿಂದ ಗುಂಡು ಹಾರಿಸಿದ. 33 ಗುಂಡಿನ ಡಬ್ಬಿ ಖಾಲಿಯಾಗುವಷ್ಟರಲ್ಲಿ 6 ಮಂದಿಯ ಪ್ರಾಣ ಹೋಗಿತ್ತು; ಅವರಲ್ಲಿ ಒಂಬತ್ತು ವರ್ಷದ ಒಂದು ಹೆಣ್ಣು ಮಗುವೂ ಇತ್ತು. ಅವನು ಇನ್ನೊಂದು ಡಬ್ಬಿಗೆ ಕೈಹಾಕಿದ. ಆ ಕ್ಷಣದಲ್ಲಿ ಸುತ್ತಲಿದ್ದ ಜನ ಮೇಲೆ ಬಿದ್ದು ಹಿಡಿದರು. 61 ವರ್ಷದ ಒಬ್ಬ ಹೆಂಗಸು ಹೊಸ ಡಬ್ಬಿಯನ್ನು ಅವನಿಗೆ ದಕ್ಕಗೊಡಲಿಲ್ಲ. ಡಬ್ಬಿ ಬದಲಾಯಿಸುವ ಕೆಲವೇ ಸೆಕೆಂಡುಗಳ ಬಿಡುವಿನಲ್ಲಿ ನಿರಾಯುಧರಾದ ಜನಸಾಮಾನ್ಯರು ಇಷ್ಟು ಮಾಡಬಲ್ಲರು. ಡ್ರಮ್ಮು ಮಾಡುವವನು ಹಣಕ್ಕೆ ಮಾರುತ್ತಿರುವ ಸರಕು ಯಾವುದೆಂದು ಈಗ ತಿಳಿಯಿತಲ್ಲವೆ? ಆ ಬಿಡುವು ಇಲ್ಲದಂತೆ ಮಾಡುವುದೇ ಅವನ ಸರಕಿನ ಗುಣ.

ಎದುರು ವಾದಗಳಿಗೂ ಉತ್ತರ ಹೇಳಬೇಕು. ಸಣ್ಣ ಡಬ್ಬಿಗಳನ್ನೇ ಹತ್ತಾರು ತಂದರೆ ಏನು ಮಾಡುವಿರಿ ಎಂದು ಕೇಳುವವರುಂಟು. ಮಾತಿನಲ್ಲಿ ಸತ್ಯವಿದೆ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದವನ ಬಳಿ ಇದ್ದದ್ದು 10 ಮತ್ತು 15 ಗುಂಡಿನ ಡಬ್ಬಿಗಳು. ಡಬ್ಬಿಗೆ ಮಿತಿ ಹಾಕಿದ ಮಾತ್ರಕ್ಕೆ ಕೊಲೆ ನಿಲ್ಲುತ್ತದೆಂದು ನಾವು ಹೇಳುತ್ತಿಲ್ಲ. ಬೇಲಿ ಹಾಕಿದ ಹೊಲಕ್ಕೂ ದನ ನುಗ್ಗುವುದುಂಟು. ಅದಕ್ಕಾಗಿ ಯಾವ ರೈತನೂ ಬೇಲಿ ಕಿತ್ತು ಹಾಕುವುದಿಲ್ಲ.

ಇನ್ನೊಂದು ವಾದ ನಮ್ಮಂಥವರನ್ನೇ ಕುರಿತದ್ದು. ಜನರ ಕೈಯಲ್ಲಿ ಆಯುಧವಿದ್ದರೆ ತಾನೆ ದಬ್ಬಾಳಿಕೆಯನ್ನು ಎದುರಿಸಲಾದೀತು, ಸಮಾಜವಾದಿಗಳು ಇದನ್ನು ಹೇಗೆ ವಿರೋಧಿಸುತ್ತೀರಿ ಎನ್ನುತ್ತಾರೆ. ಅದೇ ಕೊಲರಾಡೋದ ಲಡ್ಲೋ ಎಂಬಲ್ಲಿ 1914ರ ಏಪ್ರಿಲ್ 20ರಂದು ನಡೆದದ್ದನ್ನು ಅವರು ನೆನೆಯಲಿ. ಕಲ್ಲಿದ್ದಲ ಗಣಿ ಕಾರ್ಮಿಕರು ಮುಷ್ಕರ ಹೂಡಿ, ಕಂಪನಿಯ ಮನೆಗಳನ್ನು ಬಿಟ್ಟು ಡೇರೆಗಳಲ್ಲಿದ್ದರು. ಅವರಲ್ಲಿಯೂ ರೈಫಲುಗಳಿದ್ದವು. ಆದರೆ ಮೆಷಿನ್‌ಗನ್ನು ಇದ್ದದ್ದು ಸಂಸ್ಥಾನದ ಸೇನೆ ಮತ್ತು ಕಂಪನಿಯ ಕಾವಲುಗಾರರ ಕಡೆ. ಡೇರೆಗಳು ಉರಿದುಹೋದವು, ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರೂ 11 ಮಕ್ಕಳೂ ಅಲ್ಲೇ ಸತ್ತರು. ಹೆಚ್ಚು ಗುಂಡು ಯಾರ ಬಳಿ ಇರುತ್ತದೆಂಬುದನ್ನು ಹಣ ನಿರ್ಧರಿಸುತ್ತದೆ. ಥಾಮ್ಸನ್ ಕೋವಿಯ ಮೊದಲ ಜಾಹೀರಾತುಗಳೂ ಕಾರ್ಮಿಕನನ್ನು ಕರೆಯಲಿಲ್ಲ. ದೊಡ್ಡ ಎಸ್ಟೇಟು, ದನಗಳ ಕಾವಲು, ತೋಟಗಳ ಯಜಮಾನರು ತಮ್ಮ ಆಸ್ತಿಯ ರಕ್ಷಣೆಗೆ ಕೊಳ್ಳಿರೆಂದು ಅವು ಕರೆದವು. ಬೆಲೆ ಸುಮಾರು 200 ಡಾಲರು. ಅಂದಿನ ಕೂಲಿಯವನಿಗೆ ಎಟುಕುವ ಹಣವಲ್ಲ.

ಇಂದು ಈ ಡ್ರಮ್ಮಿಗೆ ಗುರಿಯಾಗುವವರು ಯಾರು? ಸಿನಿಮಾ ನೋಡಲು ಹೋದವರು, ರಾತ್ರಿ ಪೇಟೆಯಲ್ಲಿ ಸ್ನೇಹಿತರೊಡನೆ ನಿಂತವರು. ದಬ್ಬಾಳಿಕೆಗಾರನೊಬ್ಬನ ಕೂದಲೂ ಅದರಿಂದ ಕೊಂಕಿಲ್ಲ.

ಕಾನೂನು ಮಾಡಲಾಗದೆಂಬುದೂ ಸುಳ್ಳು. ಅಮೆರಿಕಾದ ಕಾಂಗ್ರೆಸ್ಸೇ 1994ರಲ್ಲಿ 10ಕ್ಕಿಂತ ಹೆಚ್ಚು ಗುಂಡಿನ ಹೊಸ ಡಬ್ಬಿಗಳನ್ನು ಜನರಿಗೆ ಮಾರಕೂಡದೆಂದು ವಿಧಿಸಿತು. ಆದರೆ ಅದಕ್ಕೆ ಮುಂಚೆ ತಯಾರಾದವು ಮಾರಾಟವಾಗುತ್ತಲೇ ಇದ್ದವು. ಕಾನೂನಿಗೆ ಹತ್ತೇ ವರ್ಷದ ಆಯುಸ್ಸು. 2004ರ ಸೆಪ್ಟೆಂಬರಿನಲ್ಲಿ ಅದನ್ನು ಸಾಯಲು ಬಿಟ್ಟರು. ಮರುವರ್ಷವೇ, 2005ರಲ್ಲಿ, ಕೋವಿ ತಯಾರಕರ ಮೇಲೆ ಸತ್ತವರ ಕುಟುಂಬದವರು ದಾವೆ ಹೂಡುವುದನ್ನು ಬಹುಮಟ್ಟಿಗೆ ತಡೆಯುವ ಇನ್ನೊಂದು ಕಾನೂನು ಬಂತು. ಜನರ ರಕ್ಷಣೆಗೆ ಹತ್ತು ವರ್ಷದ ಅವಧಿ, ಲಾಭದ ರಕ್ಷಣೆಗೆ ಅವಧಿಯೇ ಇಲ್ಲ!

ಈಗ ಹತ್ತಕ್ಕೂ ಹೆಚ್ಚು ಸಂಸ್ಥಾನಗಳು ತಮ್ಮ ತಮ್ಮ ಮಟ್ಟಿಗೆ ಮಿತಿ ಹಾಕಿಕೊಂಡಿವೆ. ಅರೋರಾದ ಮರುವರ್ಷ ಕೊಲರಾಡೋ 15ರ ಮಿತಿ ತಂದಿತು. ಕ್ಯಾಲಿಫೋರ್ನಿಯಾದ 10ರ ಮಿತಿಯನ್ನು ಮೇಲಿನ ಫೆಡರಲ್ ನ್ಯಾಯಾಲಯ 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಆದರೆ ಒಂದು ಸಂಸ್ಥಾನದ ಗಡಿಯನ್ನು ಕಾರಿನಲ್ಲಿ ದಾಟುವುದು ಎಷ್ಟು ಹೊತ್ತಿನ ಕೆಲಸ? ನ್ಯೂಯಾರ್ಕಿನಲ್ಲಿ 10ರ ಮಿತಿ ಇದ್ದಾಗಲೇ, 2022ರ ಮೇ 14ರಂದು, ಬಫಲೋ ನಗರದಲ್ಲಿ ಸಾಮಾನು ಕೊಳ್ಳುವ ಅಂಗಡಿಯೊಂದರಲ್ಲಿ 10 ಮಂದಿ ಕರಿಯ ಜನರನ್ನು ಕೊಂದವನ ಕೈಯಲ್ಲಿ 30ರ ಡಬ್ಬಿಗಳಿದ್ದವು. ಇಡೀ ದೇಶಕ್ಕೆ ಒಂದೇ ಕಾನೂನು ಬೇಕು. ನ್ಯೂಜಿಲೆಂಡನ್ನು ನೋಡಿ: 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ 51 ಜನರ ಕೊಲೆಯಾಯಿತು; ಒಂದು ತಿಂಗಳು ತುಂಬುವ ಮೊದಲೇ ಅಲ್ಲಿಯ ಪಾರ್ಲಿಮೆಂಟು ಇಂಥ ರೈಫಲುಗಳನ್ನೂ ದೊಡ್ಡ ಡಬ್ಬಿಗಳನ್ನೂ 119 ಮತಗಳಿಂದ ನಿಷೇಧಿಸಿತು. ವಿರೋಧವಾಗಿ ಬಿದ್ದದ್ದು ಒಂದೇ ಮತ.

ದೂರದ ದೇಶದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯುಂಟು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೋಳ್ದಿನಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಅಲ್ಲಿ ಮೆಚ್ಚುಗೆ ಒಂದೇ ಗುಂಡಿಗೆ ಕಾಯಿ ಒಡೆದವನಿಗೆ. ಕೋವಿಯ ಮೇಲಿನ ಪ್ರೀತಿಗೂ ನೂರು ಗುಂಡಿನ ಹಸಿವಿಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಷ್ಟೇ ಅಲ್ಲ. ನಮ್ಮ ಜಿಲ್ಲೆಗಳಿಂದ ದುಡಿಮೆಗೆ ಹೋದವರ ಮಕ್ಕಳು ಈಗ ಆ ದೇಶದ ಶಾಲೆಗಳಲ್ಲಿ ಓದುತ್ತಿದ್ದಾರೆ. ಅಲ್ಲಿ ಲೆಕ್ಕ, ಕಾಗುಣಿತಗಳ ಜೊತೆಗೆ ಇನ್ನೊಂದು ಪಾಠವೂ ಉಂಟು: ಬಾಗಿಲು ಭದ್ರಮಾಡಿ, ದೀಪ ಆರಿಸಿ, ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂರುವ ಕವಾಯತು. ಡ್ರಮ್ಮನ್ನು ಕೊಳ್ಳುವವನಿಗೆ ಆಯ್ಕೆಯ ಸ್ವಾತಂತ್ರ್ಯ ಬೇಕೆಂದು ವಾದಿಸುವವರು ಆ ಮೂಲೆಯಲ್ಲಿ ಕೂತ ಮಗುವಿಗೆ ಯಾವ ಆಯ್ಕೆಯನ್ನು ಉಳಿಸಿದ್ದಾರೆಂದು ಮೊದಲು ಹೇಳಲಿ.