ನಿಂಬೆಹಣ್ಣಿಗಿಂತ ಮೊದಲು ಟೈರು ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕುವೈತಿಗೆ ಬಂದಿದ್ದರೆ ‘ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ನೋಡು’ ಎಂದೂ ಸೇರಿಸುತ್ತಿದ್ದರೇನೋ!

ಸಲ್ವಾದಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿರುವ ಗೆಳೆಯರೊಬ್ಬರ ಕಥೆ ಕೇಳಿ. ಊರಿನಲ್ಲಿ ಗೋಡೆಗೆ ಕಾರಿನ ಚಿತ್ರ ಅಂಟಿಸಿಕೊಂಡು ಬೆಳೆದವರು. ಇಲ್ಲಿ ಅವರಿಗೆ 2006ರ ಮಾಡೆಲ್‌ನ ನಿಸ್ಸಾನ್ 350ಝಡ್ ಕಡಿಮೆ ಬೆಲೆಗೆ ಸಿಕ್ಕಿತು. ಮೂರೂವರೆ ಲೀಟರಿನ ಆರು ಸಿಲಿಂಡರ್ ಎಂಜಿನ್. ಸೀಟು ಮಾತ್ರ ಎರಡೇ. “ರೀ, ಮೂವರೂ ಹೊರಟರೆ ಮಗಳನ್ನು ಎಲ್ಲಿ ಕೂರಿಸ್ತೀರಿ?” ಎಂದು ಮನೆಯವರು ಕೇಳಿದರು. ಇದ್ದ ಸನ್ನಿ ಕಾರನ್ನು ಮಾರುವುದಿಲ್ಲ ಎಂದು ಮಾತು ಕೊಟ್ಟು ಪಾರಾದರು.

ಫುಲ್ ಇನ್ಶೂರೆನ್ಸ್ ಮಾಡಿಸಲು ಹೋದರೆ, ಕಂಪನಿಯವರು ಮಾಡೆಲ್ ವರ್ಷ ಕೇಳಿಯೇ ತಲೆ ಅಲ್ಲಾಡಿಸಿದರು. ಉಳಿದದ್ದು ಥರ್ಡ್ ಪಾರ್ಟಿ. ಅದಿಲ್ಲದೆ ಇಲ್ಲಿ ದಫ್ತರ್ ರಿನ್ಯೂ ಆಗುವುದಿಲ್ಲ. ‘ಇನ್ಶೂರೆನ್ಸ್ ಇದೆ’ ಎಂಬ ಧೈರ್ಯ ಇವರಿಗೆ ಬಂತು.

ನವೆಂಬರಿನ ಒಂದು ಸಂಜೆ ಮೊದಲ ಹನಿ ಮಳೆ. ಬೇಸಿಗೆಯ ಧೂಳು, ಎಣ್ಣೆ ಎಲ್ಲ ನೆನೆದು ರಸ್ತೆ ಪಾಚಿಗಟ್ಟಿದ ಅಂಗಳದಂತಾಗಿತ್ತು. ಸಿಗ್ನಲ್ ಬಳಿ ಬ್ರೇಕ್ ಒತ್ತಿದರೂ ಕಾರು ಜಾರಿ ಮುಂದಿನ ಜೀಪಿಗೆ ಗುದ್ದಿತು. ಪಕ್ಕದಲ್ಲಿದ್ದವಳು ಹತ್ತನೇ ತರಗತಿಯ ಮಗಳು. ಸೀಟ್ ಬೆಲ್ಟ್ ಹಾಕಿದ್ದಳು, ದೇವರ ದಯೆ, ಏನೂ ಆಗಲಿಲ್ಲ.

ಪೊಲೀಸ್ ರಿಪೋರ್ಟ್ ಆಯಿತು. ಜೀಪಿನ ರಿಪೇರಿ ಖರ್ಚನ್ನು ಇನ್ಶೂರೆನ್ಸ್ ಕೊಟ್ಟಿತು. ಇವರ ಬಂಪರ್, ಹೆಡ್‌ಲೈಟ್, ರೇಡಿಯೇಟರ್? ಸ್ವಂತ ಜೇಬು! ಥರ್ಡ್ ಪಾರ್ಟಿ ಎಂದರೆ ನಮ್ಮಿಂದ ಪರರಿಗಾದ ನಷ್ಟಕ್ಕೆ ಮಾತ್ರ. ಫುಲ್ ಇನ್ಶೂರೆನ್ಸ್ ಸಿಕ್ಕಿದ್ದರೂ ಸಾಮಾನ್ಯವಾಗಿ ಲೆಕ್ಕ ಕಾರಿನ ಇಂದಿನ ಮಾರುಕಟ್ಟೆ ಬೆಲೆಯದ್ದೇ. ನೀವು ಸುರಿದ ದುಡ್ಡೂ ಪ್ರೀತಿಯೂ ಅದರಲ್ಲಿ ಸೇರುವುದಿಲ್ಲ. ಬ್ರಿಟನ್, ಅಮೆರಿಕಗಳಲ್ಲಿ ಹಳೆಯ ಅಪರೂಪದ ಕಾರುಗಳಿಗೆ ಮೊದಲೇ ಬೆಲೆ ಒಪ್ಪಿಕೊಂಡು ಮಾಡುವ ಪಾಲಿಸಿಗಳಿವೆ. ಎಲ್ಲಿಯೇ ಆಗಲಿ, ಸಹಿ ಹಾಕುವ ಮುನ್ನ ಬೆಲೆ ಕಟ್ಟುವುದು ಹೇಗೆ, ಸವಕಳಿ ಕಳೆಯುತ್ತಾರೆಯೇ, ಮೊದಲಿಗೆ ನಾವು ತೆರಬೇಕಾದದ್ದೆಷ್ಟು ಎಂದು ಕೇಳಿಕೊಳ್ಳಿ.

ಶುವೈಖ್‌ನ ಗ್ಯಾರೇಜಿನ ಮೆಕ್ಯಾನಿಕ್ ಮುರಿದ ಭಾಗಗಳನ್ನು ಬಿಟ್ಟು ಟೈರಿನ ಪಕ್ಕ ಕುಳಿತ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ: 1115. ಅಂದರೆ 2015ರ 11ನೇ ವಾರ ತಯಾರಾದದ್ದು. ವಾರಕ್ಕೊಮ್ಮೆ ಓಡುವ ಕಾರು, ಹಲ್ಲು ಸವೆದಿರಲಿಲ್ಲ. ರಬ್ಬರ್ ಮಾತ್ರ ಒಣಗಿದ ಕೊಬ್ಬರಿಯಂತೆ ಗಟ್ಟಿಯಾಗಿತ್ತು. ಆಗದೇನು! ಇದೇ ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಈ ಬಿಸಿಲಿನಲ್ಲಿ ನಿಂತ ಕಾರೂ ಮುದಿಯಾಗುತ್ತದೆ. ಟೈರು, ಹೋಸ್ ಪೈಪು, ಬೆಲ್ಟು, ಬುಷ್ಷುಗಳಿಗೆ ಕಿಲೋಮೀಟರ್ ಅಲ್ಲ, ವರ್ಷ ಮುಖ್ಯ.

ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆಯಾದರೂ ತೋರಿಸಿ. ಕೂಲೆಂಟ್ ಬದಲು ಬರೀ ನಲ್ಲಿನೀರು ತುಂಬಬೇಡಿ. ಬ್ರೇಕ್ ಆಯಿಲ್ ಕಾಲಕಾಲಕ್ಕೆ ಬದಲಿಸಿ. ರಿಪೇರಿ ಬಿಲ್ಲು, ಫೋಟೋಗಳನ್ನು ಒಂದು ಫೈಲಿನಲ್ಲಿಡಿ. ಕ್ಲೇಮಿಗೂ ಆಗುತ್ತದೆ, ಮಾರುವಾಗಲೂ ಆಗುತ್ತದೆ. ಹಳೆಯ ಕಾರಿಗೆ ಮೊದಲ ಇನ್ಶೂರೆನ್ಸ್ ಇದೇ.

ಗೆಳೆಯರು ಕಾರು ಮಾರಲಿಲ್ಲ. ನಾಲ್ಕೂ ಟೈರು ಹೊಸದು ಹಾಕಿಸಿದರು. ಈ ಸಲ ಆಯುಧಪೂಜೆಗೆ ಕುಂಕುಮ, ಹೂವು, ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಸಜ್ಜಾಗಿತ್ತು. ಅಷ್ಟರಲ್ಲಿ ಮಗಳು ಬಗ್ಗಿ ಟೈರಿನ ಅಂಕಿ ಓದಿ, “ಸರಿ ಇದೆ ಅಪ್ಪಾ, ಈಗ ಹತ್ತಿಸಿ” ಎಂದಳಂತೆ.

ನಿಮ್ಮ ಕಾರಿನ ಅಂಕಿ ಎಷ್ಟು? ಪೂಜೆಗೆ ಮೊದಲು ಒಮ್ಮೆ ಬಗ್ಗಿ ನೋಡುತ್ತೀರಲ್ಲ?