ತುಂಬಿಟ್ಟರೆ ಸಾಲದು, ತೆಗೆದು ನೋಡಬೇಕು

ಲಿನಕ್ಸ್ ಮುಟ್ಟಿದವರೆಲ್ಲ ಒಂದಲ್ಲ ಒಂದು ದಿನ ‘ಟಾರ್’ ಕಮಾಂಡ್ ಹೊಡೆದೇ ಇರ್ತೀವಿ. ಇಂಟರ್ನೆಟ್ಟಿಂದ ಇಳಿಸಿಕೊಂಡ ಫೈಲ್ ಬಿಚ್ಚೋಕೆ ಅದು ಬೇಕೇ ಬೇಕು. ಆದರೆ ಆ ಹೆಸರಿನೊಳಗೆ ಟೇಪ್ ಇದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಟೇಪ್ ಆರ್ಕೈವ್ ಅನ್ನೋದೇ ಚಿಕ್ಕದಾಗಿ ಟಾರ್. 1979ರಲ್ಲಿ ಬಂದ ಯುನಿಕ್ಸ್ ಏಳನೇ ಆವೃತ್ತಿಯ ಕಾಲದ ಕಮಾಂಡ್ ಅದು. ಫೈಲುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಟೇಪಿನ ಮೇಲೆ ಬರೆಯೋಕೆ ಅಂತಲೇ ಹುಟ್ಟಿದ್ದು. ನಾವೂ ಎರಡು ವರ್ಷ ಲ್ಯಾಬ್ ರೆಕಾರ್ಡ್‌ನಲ್ಲಿ ಅದನ್ನು ಬರೆದು ಸಹಿ ಹಾಕಿಸಿಕೊಂಡಿದ್ದೆವು. ಟೇಪ್ ಮಾತ್ರ ಕಣ್ಣಲ್ಲಿ ನೋಡಿರಲಿಲ್ಲ.

ನೋಡಿದ ಮೇಲೆ ಏನಾಯ್ತು ಅನ್ನೋದನ್ನು ಮೊದಲು ಹೇಳಿಬಿಡ್ತೀವಿ. ತಪ್ಪು ನಮ್ಮದೇ, ಮುಚ್ಚಿಟ್ಟುಕೊಳ್ಳೋದಕ್ಕಿಂತ ಹೇಳಿಕೊಂಡರೆ ನಾಲ್ಕು ಜನಕ್ಕೆ ಉಪಯೋಗ.

ನಮ್ಮ ಗುಂಪಿನ ಒಬ್ಬನ ಊರು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ. ಆ ಸುತ್ತಿನ ಗೊಲ್ಲರಹಟ್ಟಿಯೊಂದರಲ್ಲಿ ಗಣೆ ಊದಿಕೊಂಡು ಜುಂಜಪ್ಪನ ಕಥೆ ಹಾಡುವ ತಾತ ಒಬ್ಬರಿದ್ದಾರೆ ಅಂತ ಅವನು ಹೇಳ್ತಾನೇ ಇದ್ದ. ಕಾಡುಗೊಲ್ಲರ ವೀರ ಜುಂಜಪ್ಪ. ಅವನ ಗುಡ್ಡೆ ಇರುವ ಕಳುವರಹಳ್ಳಿ ಕೂಡ ಅದೇ ತಾಲ್ಲೂಕು. ರಜೆಯಲ್ಲಿ ನಾವು ನಾಲ್ಕು ಜನ ಹೋಗಿ ಎರಡು ದಿನ ಕೂತು ರೆಕಾರ್ಡ್ ಮಾಡಿದೆವು. ವಿಡಿಯೊ, ಆಡಿಯೊ ಎಲ್ಲ ಸೇರಿ ಲ್ಯಾಪ್‌ಟಾಪ್ ತುಂಬಿಹೋಯ್ತು.

ಕಾಲೇಜಿನ ಲ್ಯಾಬ್ ಮೂಲೆಯಲ್ಲಿ ಗುಜರಿಗೆ ಹೋಗಬೇಕಿದ್ದ ಹಳೇ ಟೇಪ್ ಡ್ರೈವ್ ಒಂದಿತ್ತು. ಎಲ್‌ಟಿಒ-4 ಜಾತಿಯದು, ಒಂದು ಕ್ಯಾಸೆಟ್ಟಿಗೆ 800 ಜಿಬಿ. ಇದಕ್ಕಿಂತ ಬೇಕಾ ಅಂದುಕೊಂಡು ಮೊದಲ ದಿನದ ಫೋಲ್ಡರನ್ನು ಟಾರ್ ಹೊಡೆದು ಟೇಪಿಗೆ ಕಳಿಸಿದೆವು. ಎರರ್ ಏನೂ ಬರಲಿಲ್ಲ. ಆಮೇಲೆ ಎರಡನೇ ದಿನದ್ದನ್ನೂ ಕಳಿಸಿದೆವು. ಆಗಲೂ ಎರರ್ ಇಲ್ಲ. ‘ಟೇಪಿಗೆ ಹೋಯ್ತಲ್ಲ’ ಅಂತ ಲ್ಯಾಪ್‌ಟಾಪಿನಿಂದ ಎರಡನ್ನೂ ಅಳಿಸಿ, ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು.

ತಿಂಗಳ ನಂತರ ತೆಗೆದು ನೋಡಿದರೆ ಟೇಪಿನಲ್ಲಿ ಎರಡನೇ ದಿನದ್ದು ಮಾತ್ರ ಇದೆ. ಮೊದಲ ದಿನದ್ದು ಇಲ್ಲವೇ ಇಲ್ಲ.

ಕಾರಣ ಒಂದೇ ಅಕ್ಷರ. ಲಿನಕ್ಸ್‌ನಲ್ಲಿ ಒಂದೇ ಟೇಪ್ ಡ್ರೈವಿಗೆ ಎರಡು ಹೆಸರು. ‘ಎಸ್‌ಟಿ0’ ಅಂತ ಕರೆದರೆ ಕೆಲಸ ಮುಗಿದ ಕೂಡಲೇ ಡ್ರೈವ್ ಟೇಪನ್ನು ಮೊದಲಿಗೆ ಸುತ್ತಿಬಿಡುತ್ತೆ. ‘ಎನ್‌ಎಸ್‌ಟಿ0’ ಅಂತ ಕರೆದರೆ ಸುತ್ತದೆ ನಿಂತಲ್ಲೇ ನಿಲ್ಲುತ್ತೆ. ನಾವು ಮೊದಲನೆಯ ಹೆಸರು ಬಳಸಿದ್ದೆವು. ಹಾಗಾಗಿ ಟೇಪ್ ಹಿಂದಕ್ಕೆ ಸುತ್ತಿಕೊಂಡು, ಎರಡನೇ ದಿನದ ಹಾಡು ಮೊದಲ ದಿನದ ಹಾಡಿನ ತಲೆ ಮೇಲೇ ಕೂತಿತ್ತು. ಹೊಸದು ಬರೆದ ಮೇಲೆ ‘ಇಲ್ಲಿಗೆ ಡೇಟಾ ಮುಗಿಯಿತು’ ಅನ್ನೋ ಗುರುತನ್ನು ಡ್ರೈವ್ ಹಾಕುತ್ತೆ. ಅದರಾಚೆ ಹಳೆಯದರ ಚೂರುಪಾರು ಉಳಿದಿದ್ದರೂ ಡ್ರೈವ್ ಅತ್ತ ಹೋಗೋದಿಲ್ಲ. ಕ್ಯಾಸೆಟ್ ಕಾಲದ ನಮ್ಮ ಅಪ್ಪ-ಅಮ್ಮಂದಿರಿಗೆ ಇದನ್ನು ಹೇಳಿದ್ದರೆ ಒಂದೇ ನಿಮಿಷದಲ್ಲಿ ಅರ್ಥ ಆಗ್ತಿತ್ತು.

ಮತ್ತೆ ಹಟ್ಟಿಗೆ ಹೋಗಿ ತಾತನ ಹತ್ತಿರ ಕೇಳಿದೆವು. ಅವರು ಬೈಯಲಿಲ್ಲ. ‘ಹಾಡ್ತೀನಿ ಬುಡಿ, ಆದ್ರೆ ಅವತ್ತು ಬಂದಂಗೆ ಇವತ್ತು ಬರಾಕಿಲ್ಲ ಕಣ್ರಪ್ಪ’ ಅಂದರು. ನಿಜಕ್ಕೂ ಬರಲಿಲ್ಲ. ಕಥೆ ಅದೇ, ಆದರೆ ಅವತ್ತು ನಡುವೆ ಬೆಳೆಸಿಕೊಂಡು ಹಾಡಿದ್ದ ಭಾಗ ಈ ಸಲ ಬರಲೇ ಇಲ್ಲ. ಬಾಯಿಂದ ಬಾಯಿಗೆ ಬರುವ ಹಾಡು ಒಂದೊಂದು ಸಲ ಒಂದೊಂದು ಥರ. ಅಸೈನ್‌ಮೆಂಟ್ ಕಳೆದರೆ ಮತ್ತೆ ಬರೆಯಬಹುದು, ಇದನ್ನು ಆಗಲ್ಲ.

ಇಷ್ಟಾದ ಮೇಲೆ ನಾವು ಕಲಿತದ್ದು ಒಂದೇ ಮಾತು. ಬ್ಯಾಕಪ್ ಅಂದರೆ ಕಾಪಿ ಮಾಡಿಟ್ಟದ್ದಲ್ಲ, ವಾಪಸ್ ತೆಗೆದು ನೋಡಿದ್ದು. ತೆಗೆದು ನೋಡುವವರೆಗೂ ಅದು ಬರೀ ನಂಬಿಕೆ.

ಇದು ನಮ್ಮಂಥ ಕಲಿಯುವವರಿಗೆ ಮಾತ್ರ ಆಗೋ ಅನಾಹುತ ಅಂದುಕೊಳ್ಳಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಕಮಾಂಡ್ ಹೊಡೆದು ಅಸಲಿ ಡೇಟಾಬೇಸನ್ನೇ ಅಳಿಸಿದರು. ಸರಿ, ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಅದು ಇಡುವ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ಮಾಡುವ ಟೂಲ್ 9.2ರದು, ದಿನಾ ಬ್ಯಾಕಪ್ ಫೇಲ್ ಆಗ್ತಿತ್ತು. ಫೇಲ್ ಆಯ್ತು ಅಂತ ತಿಳಿಸಬೇಕಿದ್ದ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿ ಬಚಾವಾದರು. ಎಲ್ಲವನ್ನೂ ಅವರೇ ಬಹಿರಂಗವಾಗಿ ಬರೆದುಕೊಂಡರು, ಅದು ದೊಡ್ಡತನ. ನಮಗೆ ಪಾಠ ಏನಂದರೆ, ಎರರ್ ಬರಲಿಲ್ಲ ಅನ್ನೋದೂ ಕೆಲಸ ಆಯ್ತು ಅನ್ನೋದೂ ಬೇರೆ ಬೇರೆ.

‘ಈಗ ಕ್ಲೌಡ್ ಇದೆ, ಟೇಪ್ ಯಾರಿಗೆ ಬೇಕು?’ ಅಂತ ಕೇಳೋರು ಇದ್ದಾರೆ. ಅವರಿಗೆ 2011ರ ಫೆಬ್ರವರಿಯ ಕಥೆ ಹೇಳಬೇಕು. ಒಂದು ಸಾಫ್ಟ್‌ವೇರ್ ಬಗ್‌ನಿಂದ ಶೇ. 0.02ರಷ್ಟು ಜಿಮೇಲ್ ಬಳಕೆದಾರರ ಇನ್‌ಬಾಕ್ಸ್ ಖಾಲಿಯಾಯ್ತು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಕಾಪಿ ಇದ್ದರೂ ಬಗ್ ಅವನ್ನೂ ಬಿಡಲಿಲ್ಲ. ಆಗ ಗೂಗಲ್ ಆ ಮೇಲ್‌ಗಳನ್ನು ವಾಪಸ್ ತಂದದ್ದು ಟೇಪಿನಿಂದ. ಟೇಪ್ ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತೆ, ನೆಟ್‌ವರ್ಕ್‌ನಲ್ಲಿ ಇರೋದಿಲ್ಲ. ಅದಕ್ಕೇ ಬಗ್ಗೂ ಅದರ ಹತ್ತಿರ ಹೋಗಲಾರದು, ರ‍್ಯಾನ್ಸಮ್‌ವೇರೂ ಹೋಗಲಾರದು. 2021ರಲ್ಲಿ ಬಂದ ಎಲ್‌ಟಿಒ-9 ಕ್ಯಾಸೆಟ್ ಒಂದರಲ್ಲಿ 18 ಟಿಬಿ ಹಿಡಿಯುತ್ತೆ. ಸತ್ತ ತಂತ್ರಜ್ಞಾನಕ್ಕೆ ಯಾರೂ ಹೊಸ ತಲೆಮಾರು ತರೋದಿಲ್ಲ.

ಹಳ್ಳಿಯವರಿಗೆ ಈ ಲೆಕ್ಕ ಹೊಸದೇನಲ್ಲ. ನಮ್ಮ ಬಯಲುಸೀಮೆಯಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ಇಡ್ತಿದ್ದರು. ನೆಲದೊಳಗೆ ತೋಡಿದ ಗುಂಡಿ, ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ದಿನದ ಊಟದ ರಾಗಿ ಮನೆಯೊಳಗೆ, ಬರಗಾಲದ ರಾಗಿ ನೆಲದೊಳಗೆ. ಬಾಯಿ ತೆಗೆದ ತಕ್ಷಣ ಯಾರೂ ಒಳಗೆ ಇಳೀತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ಅರ್ಥ. ನಾವು ಹಗೇವು ತುಂಬೋದನ್ನು ಕಲಿತಿದ್ದೇವೆ, ದೀಪ ಇಳಿಸೋದನ್ನು ಕಲಿತಿಲ್ಲ.

ಇನ್ನು ಕಮಾಂಡ್ ಲೈನ್ ವಿಷಯ. ಮೌಸ್ ಹಿಡಿಯೋದು ಅವಮಾನ ಅಂತ ನಾವು ಹೇಳ್ತಿಲ್ಲ. ಆದರೆ ಬ್ಯಾಕಪ್ ಬೇಕಾಗೋದು ಎಲ್ಲ ಕೆಟ್ಟು ಕೂತ ದಿನ. ಅವತ್ತು ಸರ್ವರ್‌ನಲ್ಲಿ ಬಣ್ಣದ ಕಿಟಕಿಗಳು ಏಳೋದಿಲ್ಲ, ಒಂದು ಕಪ್ಪು ಪರದೆ ಸಿಕ್ಕರೆ ಪುಣ್ಯ. ನಮ್ಮ ಪಟ್ಟನಾಯಕನಹಳ್ಳಿಯ ಗೆಳೆಯ ಊರಿಗೆ ಹೋದಾಗ ಫೋನಿನ ಎರಡು ಕಡ್ಡಿ ಸಿಗ್ನಲ್‌ನಲ್ಲೇ ಲ್ಯಾಬ್ ಸರ್ವರ್‌ಗೆ ಲಾಗಿನ್ ಆಗಿ ಟೇಪ್ ಸ್ಥಿತಿ ನೋಡ್ತಾನೆ. ಬರೀ ಅಕ್ಷರ ಆಗಿದ್ದಕ್ಕೆ ಅದು ಸಾಧ್ಯ. ಜೊತೆಗೆ, ಕಮಾಂಡನ್ನು ಬರೆದಿಡಬಹುದು, ಕ್ರಾನ್‌ಗೆ ಹಾಕಿ ರಾತ್ರಿ ಓಡಿಸಬಹುದು, ಮುಂದಿನ ಬ್ಯಾಚಿಗೆ ಹಾಗೇ ಕೊಡಬಹುದು. ‘ಆ ಬಟನ್ ಒತ್ತಿ, ಆಮೇಲೆ ಬಲಗಡೆ ಏನೋ ಬರುತ್ತೆ’ ಅಂತ ಹೇಳಿಕೊಟ್ಟ ಪಾಠ ಒಂದು ಬ್ಯಾಚ್ ದಾಟೋದಿಲ್ಲ.

ದೊಡ್ಡ ಟೂಲ್‌ಗಳೂ ಹೀಗೇ ಕೆಲಸ ಮಾಡ್ತವೆ. ಬಾಕ್ಯುಲಾ ಅನ್ನೋ ಮುಕ್ತ ತಂತ್ರಾಂಶದ ಕನ್ಸೋಲ್‌ನಲ್ಲಿ ‘ಸ್ಟೇಟಸ್’, ‘ರನ್’, ‘ರಿಸ್ಟೋರ್’ ಅಂತ ಟೈಪ್ ಮಾಡಿದರೆ ಆಯ್ತು. ಯಾವ ಫೈಲ್ ಯಾವ ಟೇಪಿನಲ್ಲಿದೆ ಅನ್ನೋ ಲೆಕ್ಕ ಅದರ ಕ್ಯಾಟಲಾಗ್‌ನಲ್ಲಿ ಇರುತ್ತೆ. ಆ ಕ್ಯಾಟಲಾಗೇ ಹೋದರೂ ಟೇಪನ್ನು ಓದಿ ಮತ್ತೆ ಕಟ್ಟಿಕೊಡೋಕೆ ‘ಬಿಸ್ಕ್ಯಾನ್’ ಅಂತ ಇನ್ನೊಂದು ಕಮಾಂಡ್ ಇದೆ. 1991ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಅಮಾಂಡಾ ಇನ್ನೂ ಒಂದು ಹೆಜ್ಜೆ ಮುಂದೆ. ಟೇಪಿನ ಪ್ರತಿ ಬ್ಯಾಕಪ್‌ನ ತಲೆಯ 32 ಕಿಲೋಬೈಟ್‌ನಲ್ಲಿ, ಇದನ್ನು ಯಾವ ಕಮಾಂಡ್‌ನಿಂದ ವಾಪಸ್ ತೆಗೀಬೇಕು ಅನ್ನೋದನ್ನೇ ಬರೆದಿಟ್ಟಿರುತ್ತೆ. ಅಮಾಂಡಾ ಇಲ್ಲದ ಕಂಪ್ಯೂಟರ್‌ನಲ್ಲೂ ಮಾಮೂಲಿ ಲಿನಕ್ಸ್ ಕಮಾಂಡ್‌ಗಳಿಂದ ಡೇಟಾ ತೆಗೀಬಹುದು. ಆ ಸಾಫ್ಟ್‌ವೇರ್ ಬರೆದವರು ಕೆಟ್ಟ ದಿನವನ್ನು ಮೊದಲೇ ಊಹಿಸಿದ್ದರು ಅಂತ ಇದರಲ್ಲೇ ಗೊತ್ತಾಗುತ್ತೆ.

ಇದೆಲ್ಲ ನಮ್ಮ ಹಾಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪಟ್ಟನಾಯಕನಹಳ್ಳಿಯ ರೈತನ ಪಹಣಿ ಇವತ್ತು ಇರೋದು ಸರ್ವರ್‌ನಲ್ಲಿ. ‘ಭೂಮಿ’ ಯೋಜನೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು. ಈಗ ‘ಭೂ ಸುರಕ್ಷಾ’ ಅಂತ ತಾಲ್ಲೂಕು ಕಚೇರಿಗಳ ಹಳೇ ಕಡತಗಳೂ ಸ್ಕ್ಯಾನ್ ಆಗ್ತಿವೆ. ಒಳ್ಳೆಯದೇ. ಆದರೆ ಇಂಥ ದಾಖಲೆಗಳನ್ನು ನಾಳೆ ಕಾಯೋದು ನಮ್ಮಲ್ಲೇ ಯಾರೋ ಒಬ್ಬರು. ‘ಬ್ಯಾಕಪ್ ಇದೆಯಾ?’ ಅಂದಾಗ ‘ಇದೆ ಸಾರ್’ ಅಂದರೆ ಸಾಲದು. ‘ಹೋದ ವಾರ ತೆಗೆದು ನೋಡಿದ್ದೀನಿ ಸಾರ್’ ಅನ್ನೋ ಎಂಜಿನಿಯರ್ ಬೇಕು.

ಅದಕ್ಕೇ ನಮ್ಮ ಬೇಡಿಕೆ ಸಣ್ಣದು. ಲಿನಕ್ಸ್ ಲ್ಯಾಬ್‌ನಲ್ಲಿ ಟಾರ್ ಹೊಡೆದು ತೋರಿಸಿದರೆ ಪೂರ್ತಿ ಅಂಕ ಕೊಡೋದು ಬೇಡ. ಅರ್ಧ ಅಂಕ ಕಾಪಿ ಮಾಡಿದ್ದಕ್ಕೆ, ಉಳಿದರ್ಧ ಮೂಲ ಫೈಲ್ ಅಳಿಸಿ ವಾಪಸ್ ತಂದು ತೋರಿಸಿದ್ದಕ್ಕೆ ಇರಲಿ. ಟೇಪ್ ಡ್ರೈವ್ ಇಲ್ಲದಿದ್ದರೂ ಪರವಾಗಿಲ್ಲ, ಪೆನ್‌ಡ್ರೈವ್ ಸಾಕು. ಅಭ್ಯಾಸ ಮುಖ್ಯ.

ನಾವಂತೂ ಶುರು ಮಾಡಿದ್ದೇವೆ. ಈಗ ಬರೆಯೋ ಮುಂಚೆ ‘ಎಂಟಿ ಸ್ಟೇಟಸ್’ ಹೊಡೆದು ಟೇಪ್ ಎಷ್ಟನೇ ಫೈಲ್ ಹತ್ತಿರ ನಿಂತಿದೆ ಅಂತ ನೋಡ್ತೀವಿ. ಸುತ್ತದೆ ನಿಲ್ಲುವ ಹೆಸರನ್ನೇ ಬಳಸ್ತೀವಿ. ಬರೆದ ಮೇಲೆ ಟಾರ್‌ನಲ್ಲೇ ಇರುವ ಹೋಲಿಕೆಯ ಆಯ್ಕೆಯಿಂದ ಟೇಪಿನದ್ದನ್ನೂ ಡಿಸ್ಕಿನದ್ದನ್ನೂ ತಾಳೆ ನೋಡ್ತೀವಿ. ಆಮೇಲೆ ಕ್ಯಾಸೆಟ್‌ನ ಮೂಲೆಯ ಪುಟ್ಟ ಬೀಗ ಸರಿಸಿ, ಮೇಲೆ ಬರೆಯದ ಹಾಗೆ ಮಾಡ್ತೀವಿ. ಒಂದು ಪ್ರತಿ ಲ್ಯಾಬ್‌ನಲ್ಲಿ, ಇನ್ನೊಂದು ಪಟ್ಟನಾಯಕನಹಳ್ಳಿಯ ಮನೆಯ ಬೀರುವಿನಲ್ಲಿ. ಎಲ್‌ಟಿಒ-4 ಟೇಪನ್ನು ಎಲ್‌ಟಿಒ-7 ಡ್ರೈವ್ ಓದೋದಿಲ್ಲ, ಹಾಗಾಗಿ ನಮ್ಮ ಡ್ರೈವ್ ಕೆಡೋ ಮುಂಚೆ ಹೊಸದಕ್ಕೆ ದಾಟಿಸಬೇಕು ಅನ್ನೋದೂ ಗೋಡೆ ಮೇಲಿನ ಪಟ್ಟಿಯಲ್ಲಿದೆ.

ತಿಂಗಳ ಮೊದಲ ಶನಿವಾರ ಟೇಪ್ ತೆಗೆದು ಒಂದು ಫೈಲನ್ನಾದರೂ ವಾಪಸ್ ತಂದು ಕೇಳ್ತೀವಿ. ಮುಂದಿನ ಶನಿವಾರ ನೀವೂ ಬನ್ನಿ. ಕಮಾಂಡ್ ನೀವೇ ಹೊಡೀರಿ, ಎನ್ ಅಕ್ಷರ ಮರೀಬೇಡಿ. ತಾತನ ಎರಡನೇ ದಿನದ ಹಾಡು ಉಳಿದಿದೆ, ಅದನ್ನೇ ತೆಗೆಯೋಣ.