ಟಾಂಗಾ ಬೇಕು, ಟಾಂಗಾದವ ಬೇಡವೆ?

ಮೈಸೂರಿನ ದಸರೆಯಲ್ಲಿ ಆನೆಯ ಮೇಲಿನ ಅಂಬಾರಿಯನ್ನು ಎಲ್ಲರೂ ಬಲ್ಲರು. ಕೆಲವು ವರ್ಷಗಳಿಂದ ಅಲ್ಲಿ ಇನ್ನೊಂದು ಸವಾರಿಯೂ ನಡೆಯುತ್ತ ಬಂದಿದೆ. ಗಂಡಸರು ಪಂಚೆ, ಪೇಟ ಧರಿಸಿ, ಹೆಂಗಸರು ರೇಷ್ಮೆ ಸೀರೆಯುಟ್ಟು ದಂಪತಿಗಳಾಗಿ ಟಾಂಗಾ ಏರುತ್ತಾರೆ. ಪುರಾತತ್ವ ಮತ್ತು ಪರಂಪರೆ ಇಲಾಖೆಯವರ ಏರ್ಪಾಟಿನಲ್ಲಿ ಸಾಲುಬಂಡಿಗಳು ಹಳೆಯ ಕಟ್ಟಡಗಳ ಮುಂದೆ ಹಾದುಹೋಗುತ್ತವೆ. ಮರುದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಚಿತ್ರದಲ್ಲಿ ದಂಪತಿಗಳ ನಗೆ ಇರುತ್ತದೆ, ಕುದುರೆಯ ತುರಾಯಿ ಇರುತ್ತದೆ. ಲಗಾಮು ಹಿಡಿದವನು ಯಾರೆಂದು ಕೇಳುವವರು ಕಡಿಮೆ.

ಈ ಸವಾರಿಯನ್ನು ನಾವು ಹಳಿಯುವುದಿಲ್ಲ. ಊರಿನ ಚರಿತ್ರೆಯನ್ನು ಮೋಟಾರಿನ ಗಾಜಿನ ಹಿಂದೆ ಕುಳಿತು ನೋಡುವುದಕ್ಕಿಂತ ಟಾಂಗಾದ ಹಲಗೆಯ ಮೇಲೆ ಕುಳಿತು ನೋಡುವುದು ಮೇಲು. ಬಂಡಿ ಮೆಲ್ಲಗೆ ಹೋಗುತ್ತದೆ. ಕಣ್ಣಿಗೆ ಕಂಡದ್ದು ಮನಸ್ಸಿಗೆ ಇಳಿಯಲು ಹೊತ್ತು ಸಿಗುತ್ತದೆ. ನಾವೂ ಒಮ್ಮೆ ಮೈಸೂರಿಗೆ ಹೋದಾಗ ಅರಮನೆಯ ಬಳಿ ಟಾಂಗಾ ಹತ್ತಿದ್ದೆವು. ಅಂದು ಹಬ್ಬವಿರಲಿಲ್ಲ, ಪೇಟವಿರಲಿಲ್ಲ. ವ್ಯಾಪಾರ ಹೇಗಿದೆ ಸಾಹೇಬರೆ ಎಂದು ಕೇಳಿದೆವು. ಆ ಮುದುಕರು ಹಿಂದಕ್ಕೆ ತಿರುಗದೆಯೇ ಹೇಳಿದರು: "ಜನ ಬರಲಿ ಬಿಡಲಿ, ಇದಕ್ಕೆ ಎರಡು ಹೊತ್ತು ಹಾಕಲೇಬೇಕಲ್ಲ ಸ್ವಾಮಿ."

ಈ ಒಂದು ಮಾತಿನಲ್ಲಿ ಟಾಂಗಾದ ಅರ್ಥಶಾಸ್ತ್ರವೆಲ್ಲ ಅಡಗಿದೆ. ಗಿರಣಿ ನಿಂತರೆ ಮಾಲೀಕನ ಯಂತ್ರ ಮೇವು ಕೇಳುವುದಿಲ್ಲ. ಆಟೋ ನಿಂತರೆ ಎಣ್ಣೆ ಕುಡಿಯುವುದಿಲ್ಲ. ಕುದುರೆ ಮಾತ್ರ ಗಿರಾಕಿ ಇಲ್ಲದ ದಿನವೂ ಹುರುಳಿ, ಬೂಸಾ, ಹುಲ್ಲು ತಿನ್ನುತ್ತದೆ. ಲಾಳ ಸವೆದರೆ ಹೊಸದು ಬಡಿಸಬೇಕು. ಕಾಲು ಕುಂಟಿದರೆ ವೈದ್ಯರನ್ನು ಹುಡುಕಬೇಕು. ಮೊದಲು ಅದರ ಹೊಟ್ಟೆ ತುಂಬಿ ಉಳಿದದ್ದರಲ್ಲಿ ಟಾಂಗಾದವನ ಮನೆಯ ಒಲೆ ಉರಿಯಬೇಕು. ಇಲಾಖೆಗೆ ಟಾಂಗಾ ಹಬ್ಬದ ನೆನಪು. ಅವನಿಗೆ ಅದು ವರ್ಷದ 365 ದಿನದ ಹೊಣೆ.

ಆ ಟಾಂಗಾ ಹೋಗುವ ಹಾದಿಯನ್ನೂ ಓದುಗರು ಗಮನಿಸಬೇಕು. ದೊಡ್ಡ ಗಡಿಯಾರ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಗುರುತಾಗಿ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ಆ ಗೋಪುರದ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ನೌಕರರ ಕಾಣಿಕೆಯೆಂಬುದನ್ನು ಮರೆಯಬಾರದು. ಮುಂದೆ ಲ್ಯಾನ್ಸ್‌ಡೌನ್ ಕಟ್ಟಡ. 1892ರ ಈ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅಲ್ಲಿದ್ದ ಅಂಗಡಿಗಳವರು ಹೊರಬಿದ್ದರು. ಹತ್ತಿರದಲ್ಲೇ ದೇವರಾಜ ಮಾರುಕಟ್ಟೆ. 2016ರ ಆಗಸ್ಟಿನಲ್ಲಿ ಅದರ ಉತ್ತರದ ಬಾಗಿಲ ಕಡೆಯ ಭಾಗ ಬಿತ್ತು. ಕೆಡವಿ ಕಟ್ಟಬೇಕೆ, ದುರಸ್ತಿ ಮಾಡಬೇಕೆ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮ ಮಾರುವ ಸಣ್ಣ ವ್ಯಾಪಾರಿ ಮಾತ್ರ ಇಂದು ಏಳಿಸುತ್ತಾರೋ ನಾಳೆ ಏಳಿಸುತ್ತಾರೋ ಎಂಬ ಭಯದಲ್ಲಿ ವರ್ಷಗಳನ್ನು ಕಳೆದ. ಟಾಂಗಾದಲ್ಲಿ ಕುಳಿತವರಿಗೆ ಕಟ್ಟಡದ ವಯಸ್ಸು ಹೇಳುತ್ತಾರೆ. ಅದರ ನೆರಳಿನಲ್ಲಿ ಬದುಕಿದವರ ಗತಿಯನ್ನು ಹೇಳುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಯ ನಮಗೆ ಮೈಸೂರಿನ ಈ ಕಥೆಯೇಕೆ ಎಂದು ಓದುಗರು ಕೇಳಬಹುದು. ಹೊಳೆಯ ದಂಡೆಗೆ ಹೋಗಿ ನಿಂತರೆ ಉತ್ತರ ಸಿಗುತ್ತದೆ. ಆನೆಗೊಂದಿ ನಮ್ಮ ಗಂಗಾವತಿ ತಾಲೂಕಿನದು. ಗಗನಮಹಲು, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠ, ನಡುಗಡ್ಡೆಯ ನವಬೃಂದಾವನ, ಪಂಪಾಸರೋವರ, ಅಂಜನಾದ್ರಿ ಇವೆಲ್ಲ ಒಂದು ದಿನದ ಸವಾರಿಗೆ ಹೇಳಿ ಮಾಡಿಸಿದಂತಿವೆ. ಅಂಜನಾದ್ರಿಗೆ ಜನಪ್ರವಾಹ ಹೆಚ್ಚುತ್ತಿದೆ. ಮೈಸೂರಿನಂತೆ ಇಲ್ಲಿಯೂ ಕುದುರೆ ಬಂಡಿ ಓಡಲಿ ಎಂದು ನಾಳೆ ಯಾರಾದರೂ ಹೇಳಿಯಾರು. ಹೇಳಲಿ. ಆದರೆ ಯಾರ ಬಂಡಿ, ಯಾರ ಕುದುರೆ, ಯಾರ ಜೇಬು ಎಂದು ನಾವು ಇಂದೇ ಕೇಳಬೇಕು.

ಕುದುರೆಗೂ ಈ ನೆಲಕ್ಕೂ ಹಳೆಯ ನಂಟಿದೆ. ಆಚೆ ದಂಡೆಯಲ್ಲಿ ವಿಜಯ ವಿಠ್ಠಲನ ಗುಡಿಯ ಹಾದಿಗೆ ಹೋದವರು ಕುದುರೆಗೊಂಬೆ ಮಂಟಪವನ್ನು ನೋಡಿರುತ್ತೀರಿ. ವಿಜಯನಗರದ ಅರಸರು ಕಡಲಾಚೆಯಿಂದ ಕುದುರೆ ತರಿಸುತ್ತಿದ್ದರು. ವರ್ಷಕ್ಕೆ 13,000 ಕುದುರೆಗಳನ್ನು ದೊರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕಡಲ ಹಾದಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆ ಸಿಗುತ್ತಿದ್ದ ಕಾಲವಿತ್ತಂತೆ! ವ್ಯಾಪಾರಿಗೆ ನಷ್ಟವಾಗದಂತೆ ಬೊಕ್ಕಸವೇ ನೋಡಿಕೊಂಡಿತು. ಆ ಸಾವಿರಾರು ಕುದುರೆಗಳಿಗೆ ಹುರುಳಿ ಬೇಯಿಸಿದವನು, ಲದ್ದಿ ಬಳಿದವನು, ಲಾಳ ಬಡಿದವನು ಏನು ಪಡೆದನೆಂಬ ಲೆಕ್ಕ ಇಟ್ಟವರು ಯಾರು? ಸತ್ತ ಕುದುರೆಯ ಬಾಲಕ್ಕೆ ಬೆಲೆ ಕಟ್ಟಿದ ರಾಜ್ಯ ಬದುಕಿದ ಕುದುರೆಯಾಳಿನ ಬೆವರನ್ನು ಬರೆದಿಡಲಿಲ್ಲ. ಇಂದಿನ ಪ್ರಜಾರಾಜ್ಯವೂ ಅದೇ ಹಾದಿ ಹಿಡಿಯಬಾರದು.

ಇನ್ನೊಂದು ಕಡೆಯಿಂದ ಪ್ರಾಣಿದಯೆಯ ಮಾತು ಬರುತ್ತದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಕುದುರೆಯೂ ದುಡಿಯುವ ಜೀವ. ಹೊಟ್ಟೆಗಿಲ್ಲದೆ, ಗಾಯದ ಮೇಲೆ ಪಟ್ಟಿ ಬಿಗಿಸಿಕೊಂಡು, ಕಾದ ಡಾಂಬರಿನ ಮೇಲೆ ಓಡುವ ಕುದುರೆಯನ್ನು ಕಂಡು ಮರುಗದವನು ಮನುಷ್ಯನ ದುಡಿಮೆಗೂ ಮರುಗಲಾರ. ಇದಕ್ಕೆ ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಿದೆ. ಅದರಡಿ 1965ರಲ್ಲಿ ಮಾಡಿದ ನಿಯಮಗಳಿವೆ. ಬಂಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ಎಳೆಸಬಾರದು. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ನಮ್ಮ ಕಡೆಯ ಬೇಸಿಗೆಯಲ್ಲಿ ಈ ಮಿತಿ ಮೀರದ ದಿನಗಳೇ ಕಡಿಮೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲ ಈ ನಿಯಮವನ್ನು ಕೇಳಿ ನಗಬಹುದು. ಅದೇ ಮಧ್ಯಾಹ್ನ, ಅದೇ ಬಿಸಿಲಿನಲ್ಲಿ ಅವನ ಬೆನ್ನು ಬಾಗಿರುತ್ತದೆ. ಅವನ ನಗೆ ನಮಗೆ ಅರ್ಥವಾಗುತ್ತದೆ. ಆದರೆ ಕುದುರೆಗೆ ಸಿಕ್ಕ ಬಿಡುವನ್ನು ಕಿತ್ತುಕೊಂಡರೆ ಅವನ ಬೆನ್ನೇನೂ ನೆಟ್ಟಗಾಗುವುದಿಲ್ಲ. ಹಮಾಲನಿಗೂ ಅಂಥ ಬಿಡುವನ್ನು ಗೆದ್ದು ಕೊಡುವುದೇ ನಮ್ಮ ಕೆಲಸ.

ಪ್ರಾಣಿದಯೆಯ ಹೆಸರಿನಲ್ಲಿ ಮನುಷ್ಯರನ್ನು ಬೀದಿಗೆ ತಳ್ಳಿದರೆ ಏನಾಗುತ್ತದೆಂಬುದನ್ನು ಮುಂಬಯಿ ತೋರಿಸಿದೆ. ಅಲ್ಲಿನ ವಿಕ್ಟೋರಿಯಾ ಬಂಡಿಗಳು ಕಡಲದಂಡೆಯಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದವು. ಕುದುರೆಗಳ ಲಾಯಗಳ ಸ್ಥಿತಿ ಹೀನವಾಗಿತ್ತೆಂಬುದು ನಿಜ. 2015ರ ಜೂನಿನಲ್ಲಿ ಬಾಂಬೆ ಹೈಕೋರ್ಟು ಈ ಮೋಜಿನ ಸವಾರಿ ಅಕ್ರಮವೆಂದು ಹೇಳಿ ಒಂದು ವರ್ಷದೊಳಗೆ ನಿಲ್ಲಿಸಬೇಕೆಂದಿತು. ಬಂಡಿಯವರಿಗೂ ಕುದುರೆಗಳಿಗೂ ಪುನರ್ವಸತಿ ಕಲ್ಪಿಸಿರೆಂದು ಅದೇ ನ್ಯಾಯಾಲಯ ಸರಕಾರಕ್ಕೆ ಹೇಳಿತ್ತು. ಬಂಡಿ ನಿಲ್ಲಿಸುವ ಮಾತಿಗೆ ಇದ್ದ ಗಡಿಬಿಡಿ ಬದುಕು ಕೊಡುವ ಮಾತಿಗೆ ಇರಲಿಲ್ಲ. ಗಡುವು ಕಳೆದ ಮೇಲೂ ಆ ಕುಟುಂಬಗಳು ಅಲೆದಾಡಬೇಕಾಯಿತು. 2021ರಲ್ಲಿ ಅದೇ ವಿಕ್ಟೋರಿಯಾ ರೂಪದ ಬಂಡಿಗಳು ಕುದುರೆಯಿಲ್ಲದೆ, ಬ್ಯಾಟರಿಯ ಬಲದಿಂದ ಮತ್ತೆ ಬಂದವು. ಒಳ್ಳೆಯದೇ. ಆದರೆ ಹಳೆಯ ಬಂಡಿಯ ಯಜಮಾನ ಬಂಡಿಯವನೇ ಆಗಿರಬಹುದಿತ್ತು. ಹೊಸ ಬಂಡಿಗೆ ಬಂಡವಾಳ ಬೇಕು, ಕಂಪನಿ ಬೇಕು. ಅವನು ಹೆಚ್ಚೆಂದರೆ ಅಲ್ಲಿ ಚಾಲಕ.

ಹೀಗೆಂದು ನಾವು ಬ್ಯಾಟರಿ ಬಂಡಿಯ ವೈರಿಗಳಲ್ಲ. ಹಂಪಿಯಲ್ಲಿ ವಿಠ್ಠಲನ ಗುಡಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬ್ಯಾಟರಿ ಗಾಡಿಗಳನ್ನು ಸುತ್ತಲಿನ ಹೆಣ್ಣುಮಕ್ಕಳು ಓಡಿಸುವುದನ್ನು ಕಂಡು ನಾವು ಹೆಮ್ಮೆಪಟ್ಟಿದ್ದೇವೆ. ಆದರೆ ಅದೇ ಹಂಪಿಯಲ್ಲಿ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ ಮನೆಗಳ ಮೇಲೆ ಬುಲ್ಡೋಜರು ಹರಿದುದನ್ನೂ ಮರೆತಿಲ್ಲ. ಕಲ್ಲಿನ ಮಂಟಪ ಉಳಿಯಬೇಕು, ಸರಿ. ಅಲ್ಲಿ ಚಹಾ, ತೆಂಗಿನಕಾಯಿ, ಊದುಬತ್ತಿ ಮಾರಿ ಬದುಕಿದವರನ್ನು ಮೊದಲು ಬೇರೆಡೆ ನೆಲೆಗೊಳಿಸಿ ಆಮೇಲೆ ಏಳಿಸಿದ್ದರೆ ಪರಂಪರೆಗೆ ಯಾವ ಕುಂದು ಬರುತ್ತಿತ್ತು? ಕುದುರೆಯಾಗಲಿ ಬ್ಯಾಟರಿಯಾಗಲಿ, ಪ್ರಶ್ನೆ ಒಂದೇ: ಅದರ ಒಡೆತನ ಯಾರದು?

ಇದಕ್ಕೆ ನಮ್ಮ ಚಳವಳಿಯಲ್ಲೇ ಒಂದು ದಾರಿ ಇದೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಮುಂಬಯಿಯ ಟ್ಯಾಕ್ಸಿ ಚಾಲಕರ ಸಂಘ ಕಟ್ಟಿದರು. 1968ರಲ್ಲಿ ಕಾರ್ಮಿಕರ ಸಹಕಾರಿ ಬ್ಯಾಂಕನ್ನೂ ತೆರೆದರು. ಬಡವನಿಗೆ ಸಾಲ ಸಿಕ್ಕರೆ ಅವನೂ ತನ್ನ ಗಾಡಿಗೆ ತಾನೇ ಒಡೆಯನಾಗಬಲ್ಲ ಎಂಬುದೇ ಅಂಥ ಕೆಲಸದ ತಿರುಳು. ಹೆಸರು ಬದಲಿಸಿಕೊಂಡು ಬೆಳೆದ ಆ ಬ್ಯಾಂಕಿನಲ್ಲಿ ಹಣ ದುರುಪಯೋಗವಾದ ಆರೋಪ ಬಂದು, 2025ರಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿತು. ಇದನ್ನು ಮುಚ್ಚಿಡುವುದು ನಮಗೆ ತರವಲ್ಲ. ಸಹಕಾರದ ದಾರಿ ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಸದಸ್ಯರು ಲೆಕ್ಕ ನೋಡುವುದನ್ನು ಬಿಟ್ಟರೆ ಸಹಕಾರಿಯೂ ಸಾಹುಕಾರನ ಪೆಟ್ಟಿಗೆಯಾಗುತ್ತದೆಂಬ ಎಚ್ಚರಿಕೆ ಮಾತ್ರ ಸಿಗುತ್ತದೆ.

ಆದುದರಿಂದ ಆನೆಗೊಂದಿಯಲ್ಲಿ ಇಂಥ ಸವಾರಿ ಬರುವುದಾದರೆ ನಾವು ಕೇಳುವುದು ಇಷ್ಟು. ಒಂದು, ಗುತ್ತಿಗೆದಾರನಿಗೆ ಹರಾಜು ಹಾಕದೆ ಸ್ಥಳದ ಬಂಡಿಯವರ, ಆಟೋದವರ, ಹರಿಗೋಲಿನವರ ಸಹಕಾರಿ ಸಂಘಕ್ಕೇ ಅದನ್ನು ಒಪ್ಪಿಸಬೇಕು. ಎರಡು, ಕುದುರೆ ಹೂಡುವುದಾದರೆ ನೆರಳಿನ ಲಾಯ, ನೀರಿನ ತೊಟ್ಟಿ, ಪಶುವೈದ್ಯರ ತಪಾಸಣೆ ಮೊದಲು ಆಗಬೇಕು. ಇವು ಆಗದಿದ್ದರೆ ಕುದುರೆ ಬೇಡ, ಬ್ಯಾಟರಿ ಸಾಕು. ಮೂರು, ಬೇಸಿಗೆಯ ನಡುಹಗಲಿನಲ್ಲಿ ಬಂಡಿ ನಿಲ್ಲಬೇಕು, ಆ ನಷ್ಟ ಚಾಲಕನ ತಲೆಗೆ ಬಾರದಂತೆ ತಿಂಗಳ ಸಂಬಳ ಗೊತ್ತಾಗಬೇಕು. ನಾಲ್ಕು, ಹುರುಳಿಯನ್ನು ಕುಷ್ಟಗಿ, ಯಲಬುರ್ಗಿಯ ಒಣಬೇಸಾಯದ ರೈತರಿಂದ ನೇರವಾಗಿ ಕೊಳ್ಳಬೇಕು. ಐದು, ಹಾದಿಯ ಯಾವ ಅಂಗಡಿಯವನನ್ನೂ ಬದಲಿ ಜಾಗ ಕೊಡದೆ ಏಳಿಸಬಾರದು.

ಇವು ಆಕಾಶದ ಹಣ್ಣುಗಳೇನಲ್ಲ. ಗಂಗಾವತಿಯ ಗಿರಣಿ ಕೆಲಸಗಾರರೂ ಕೊಪ್ಪಳದ ಸಂತೆಯ ಸಣ್ಣ ವ್ಯಾಪಾರಿಗಳೂ ಒಟ್ಟಾಗಿ ಕೇಳಿದರೆ ತಾಲೂಕು ಕಚೇರಿಯ ಕಿವಿಗೂ ಬೀಳುತ್ತದೆ. ನಮ್ಮ ಮಕ್ಕಳು ಮೊಮ್ಮಕ್ಕಳು ಟಾಂಗಾದಲ್ಲಿ ಕುಳಿತು ಆನೆಗೊಂದಿ ನೋಡಲಿ. ಆಗ ಬಂಡಿ ಓಡಿಸುವವನು ಹಿಂದಕ್ಕೆ ತಿರುಗಿ, ಹೊಟ್ಟೆ ತುಂಬಿದವನ ಧೈರ್ಯದಿಂದ, ತನ್ನ ಊರಿನ ಕಥೆಯನ್ನು ತಾನೇ ಹೇಳುವಂತಾಗಲಿ.